ಲೊವೀಸಾಳ ಚೆಂಡು, ಗುನ್ವೊರ್ ಅಜ್ಜಿಯ ಅಣಬೆ

ಚೆಂಡು ಕಾಡಿಗೆ ಬಿತ್ತು. ಇಷ್ಟೇ ಆಗಿದ್ದರೆ ಲೊವೀಸಾ ಹಲ್ಲು ಕಚ್ಚಿ ಸಹಿಸುತ್ತಿದ್ದಳು. ಆದರೆ ಅದು ಬಿದ್ದದ್ದನ್ನು ಕಣ್ಣಾರೆ ಕಂಡ ಒಬ್ಬಳೇ ಒಬ್ಬಳು, ಪಕ್ಕದ ಮನೆಯ ಗುನ್ವೊರ್ ಅಜ್ಜಿ, ಬುಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು.

ಗಾಲ್ಫ್ ಲೊವೀಸಾಳ ಹೊಟ್ಟೆಪಾಡು. ಮೈದಾನ ಹಿಮದಡಿ ಮಲಗುವ ಚಳಿಗಾಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಶೆಡ್ಡಿನೊಳಗೆ ಮೀನಿನ ಬಲೆ ಕಟ್ಟಿ, ಅದಕ್ಕೆ ಹೊಡೆದು ಹೊಡೆದು ಕಲಿತವಳು. ಒಮ್ಮೆ ಸ್ಪೇನಿನಲ್ಲಿ ಗೆದ್ದಾಗ ಊರಿಗೆ ಊರೇ ಕೇಕ್ ತಿಂದಿತ್ತು. ಆಮೇಲೆ ಮೊಣಕೈ ಕೈಕೊಟ್ಟಿತು, ಕೇಕೂ ನಿಂತಿತು. ಇವತ್ತು ವರ್ಷದ ಕೊನೆಯ ಪಂದ್ಯದ ಕೊನೆಯ ಗುಂಡಿ, ಅದೂ ತನ್ನೂರಿನ ಮೈದಾನದಲ್ಲಿ. ಚೆಂಡು ಸಿಕ್ಕರೆ ಮುಂದಿನ ವರ್ಷವೂ ದೊಡ್ಡ ಪಂದ್ಯಗಳಲ್ಲಿ ಆಡಬಹುದು. ಸಿಗದಿದ್ದರೆ ದಂಡ ಬಿದ್ದು ವೃತ್ತಿಯೇ ಮುಗಿಯಿತು. ಹುಡುಕಲು ಮೂರೇ ನಿಮಿಷ.

"ಅಜ್ಜೀ, ನನ್ನ ಚೆಂಡು ನೋಡಿದ್ರಾ?"

"ನೋಡ್ದೆ. ಕಿವಿ ಪಕ್ಕದಲ್ಲೇ ಹೋಯ್ತು, ಹಾಳಾದ್ದು!"

"ಎಲ್ಲಿ ಬಿತ್ತು?"

"ಅದೊಂದು ಮಾತ್ರ ಕೇಳ್ಬೇಡ."

ಬುಟ್ಟಿಯ ಬಟ್ಟೆಯಡಿಯಿಂದ ಹಳದಿ ಬಣ್ಣ ಇಣುಕಿತು. ಕಾಡಿನ ಬಂಗಾರ ಎನ್ನುವ ಕಾಂತರೆಲ್ ಅಣಬೆ! ಲೊವೀಸಾಳಿಗೆ ಮೈಯೆಲ್ಲ ಉರಿಯಿತು. ಈ ಊರಿನ ಜನ ಗಂಡ ಓಡಿಹೋದದ್ದನ್ನು ಬೇಕಾದರೆ ಹೇಳಿಯಾರು, ಕಾಂತರೆಲ್ ಸಿಗುವ ಜಾಗವನ್ನು ಹೆತ್ತ ಮಗಳಿಗೂ ಹೇಳಲಾರರು.

"ಇಲ್ಲಿ ನನ್ನ ಅನ್ನಕ್ಕೇ ಕಲ್ಲು ಬೀಳ್ತಿದೆ, ನಿಮಗೆ ಅಣಬೆ ಚಿಂತೆನಾ?"

"ಬೆನ್ನ ಹಿಂದೆ ಆ ಕ್ಯಾಮೆರಾ ಹೊತ್ತ ಟೀವಿಯವನನ್ನ ಕರ್ಕೊಂಡು ಬಂದಿದೀಯಲ್ಲ! ಇವತ್ತು ಜಾಗ ತೋರಿಸಿದ್ರೆ ನಾಳೆ ಇಡೀ ದೇಶ ಬುಟ್ಟಿ ಹಿಡ್ಕೊಂಡು ಬರುತ್ತೆ."

"ಕಾಡು ಎಲ್ಲರದ್ದು ಅಂತ ಕಾನೂನೇ ಇದೆ ಅಜ್ಜಿ!"

"ಕಾಡು ಎಲ್ಲರದ್ದೇ ಕಣೇ. ಜಾಗ ನನ್ನದು."

ಅಷ್ಟರಲ್ಲಿ, ಲೊವೀಸಾಳ ಬ್ಯಾಗು ಹೊರುವ ತಮ್ಮ ಸಿಕ್ಸ್ಟೆನ್ ಪೊದೆಯೊಳಗಿಂದ ಕೂಗಿದ. "ಅಕ್ಕಾ, ಸಿಕ್ತು!" ಓಡಿಹೋಗಿ ನೋಡಿದರೆ ದುಂಡನೆಯ ಕಾಡು ಅಣಬೆ. ಮುಟ್ಟಿದ್ದೇ ತಡ, ಪುಸ್ಸೆಂದು ಅವಳ ಮುಖಕ್ಕೆ ಕಂದು ಪುಡಿ ಉಗುಳಿತು.

"ಒಂದೇ ನಿಮಿಷ ಉಳಿದಿರೋದು!" ಎಂದು ತೀರ್ಪುಗಾರ ಹೋಲ್ಗರ್ ಗಡಿಯಾರ ಎತ್ತಿ ತೋರಿಸಿದ. "ನಿಯಮ ಅಂದ್ರೆ ನಿಯಮ."

ಮುಖ ಒರೆಸಿಕೊಳ್ಳುತ್ತ ಲೊವೀಸಾ ಅಜ್ಜಿಯನ್ನು ದುರುಗುಟ್ಟಿ ನೋಡಿದಳು. ಅಜ್ಜಿ ಆಕಾಶ ನೋಡಿದಳು, ತನ್ನ ಬೂಟು ನೋಡಿದಳು, ಸಿಕ್ಸ್ಟೆನ್‌ನನ್ನು ನೋಡಿದಳು. ಬಿದ್ದಿದ್ದ ದೊಡ್ಡ ಸ್ಪ್ರೂಸ್ ಮರದ ಕಡೆಗೆ ಮಾತ್ರ ಅಪ್ಪಿತಪ್ಪಿಯೂ ನೋಡಲಿಲ್ಲ. ಲೊವೀಸಾ ಒಂದೇ ನೆಗೆತಕ್ಕೆ ಆ ಮರ ದಾಟಿದಳು.

ಅಲ್ಲಿ ಪಾಚಿಯ ಮೇಲೆ ಅರಿಶಿನ ಚೆಲ್ಲಿದ ಹಾಗೆ ಕಾಂತರೆಲ್! ನಟ್ಟನಡುವೆ, ಅವಳೇ ಗುರುತಿಗೆ ಇಟ್ಟ ಕೆಂಪು ಚುಕ್ಕೆಯ ಚೆಂಡು. ಹೊಡೆಯಲು ಯಾವ ಅಡ್ಡಿಯೂ ಇರಲಿಲ್ಲ.

"ಸಿಕ್ತಾ?" ಎಂದ ಹೋಲ್ಗರ್. ಹಿಂದೆ ಟೀವಿಯವನ ಏದುಸಿರು ಹತ್ತಿರವಾಗುತ್ತಿತ್ತು. ಸಿಕ್ಕಿತು ಎಂದರೆ ಈ ಬಂಗಾರದ ಮೇಲೆ ಎಲ್ಲರ ಕಣ್ಣು ಬೀಳುತ್ತಿತ್ತು.

ಅಷ್ಟು ಹೊತ್ತೂ ಅಜ್ಜಿಯನ್ನು ಶಪಿಸಿದ್ದ ಬಾಯಿಯೇ, "ಇಲ್ಲಿಲ್ಲ!" ಎಂದುಬಿಟ್ಟಿತು. ಸಿಗದ ಚೆಂಡು ಸಿಕ್ಕಿತೆಂದು ಸುಳ್ಳು ಹೇಳಿದವರು ಗಾಲ್ಫಿನಲ್ಲಿ ಎಷ್ಟೋ ಮಂದಿ. ಸಿಕ್ಕಿದ್ದನ್ನು ಸಿಗಲಿಲ್ಲ ಎಂದ ಪುಣ್ಯಾತ್ಗಿತ್ತಿ ಇವಳೊಬ್ಬಳೇ ಇರಬೇಕು. ಲೊವೀಸಾ ಮರ ದಾಟಿ ಬಂದು ಕ್ಯಾಮೆರಾಕ್ಕೆ ಅಡ್ಡ ನಿಂತಳು. ಸಮಯ ಮುಗಿಯಿತು, ದಂಡ ಬಿತ್ತು, ಮುಂದಿನ ವರ್ಷದ ಆಟ ಮಣ್ಣುಪಾಲಾಯಿತು.

ಕ್ಲಬ್ಬಿನಲ್ಲಿ ಎಲ್ಲರೂ ಕಾಫಿ ಕೊಟ್ಟು ಸಮಾಧಾನ ಮಾಡಿದರು. "ಎಲ್ಲಾ ಆ ಮುದುಕಿಯಿಂದ!" ಎಂದು ಲೊವೀಸಾ ಮೇಜು ಗುದ್ದಿದಳು. ಎಷ್ಟು ಸಲ ಗುದ್ದಿದಳೆಂದರೆ, ಕೊನೆಗೆ ಅವಳಿಗೇ ಅದು ನಿಜವೆನಿಸಿತು. ಮುಖ ತೊಳೆದು ಬರುತ್ತೇನೆಂದು ಎದ್ದವಳು, ತಗಡಿನ ಬಕೆಟ್ ಹಿಡಿದು ನೇರ ಕಾಡಿಗೆ ನಡೆದಳು.

ಮರದಾಚೆ ಏನೂ ಉಳಿದಿರಲಿಲ್ಲ. ಚಾಕುವಿನಲ್ಲಿ ಕೊಯ್ದ ಬುಡಗಳಷ್ಟೇ. ಚೆಂಡೂ ಮಾಯ.

"ಕಳ್ಳ ಮುದುಕಿ!" ಎಂದು ಕಿರುಚಿ ತಿರುಗಿದರೆ, ಎದುರಿಗೆ ಹೋಲ್ಗರ್. ತೀರ್ಪುಗಾರನ ಟೋಪಿಯ ತುಂಬ ಕಾಂತರೆಲ್ ತುಳುಕುತ್ತಿತ್ತು.

"ಎಲ್ಲಿ ಸಿಕ್ತು ಇವೆಲ್ಲ? ಹೇಳಿ, ಎಲ್ಲಿ ಸಿಕ್ತು?"

ಹೋಲ್ಗರ್ ಅವಳ ಬಕೆಟ್ ನೋಡಿದ. ಜೇಬಿನಿಂದ ಕೆಂಪು ಚುಕ್ಕೆಯ ಚೆಂಡು ತೆಗೆದು ಅದರೊಳಗೆ ಠಣ್ಣೆಂದು ಹಾಕಿದ.

"ಅಣಬೆ ಎಲ್ಲಿ ಸಿಕ್ತು ಅಂತ ನೀನು ಕೇಳ್ಬೇಡಮ್ಮ. ಚೆಂಡು ಸಿಕ್ಕಿತ್ತಾ ಅಂತ ನಾನೂ ಕೇಳಲ್ಲ."