ಕಿಟಕಿ ಬೆಂಚಿನ ಸರದಿ

ಪೌರನೀತಿಯನ್ನು ಪುಸ್ತಕ ನೋಡಿ ಹೇಳಿಕೊಟ್ಟರೆ ಏನೂ ಆಗುವುದಿಲ್ಲ. ಮಕ್ಕಳು ಅದನ್ನು ನಡೆಸಲು ಹೊರಟರೆ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ.

ಐವತ್ತರ ದಶಕದ ಕೊನೆ. ಮದರಾಸಿನ ತಿರುವಲ್ಲಿಕೇಣಿಯಲ್ಲಿ ಒಂದು ಕನ್ನಡ ಶಾಲೆ. ನಾನು ನಾಲ್ಕನೇ ಫಾರಂಗೆ, ಅಂದರೆ ಈಗಿನ ಒಂಬತ್ತನೇ ತರಗತಿಗೆ, ಮೇಷ್ಟ್ರು. ತರಗತಿಯಲ್ಲಿ ಒಂದು ಸಭೆ ಮಾಡಿಸಿದ್ದೆ. ತಕರಾರು ಇದ್ದರೆ ನನ್ನ ಹತ್ತಿರ ಬರಬಾರದು. ಎಲ್ಲರೂ ಕೂತು ಮಾತಾಡಿ, ಕೈ ಎತ್ತಿ ತೀರ್ಮಾನಿಸಬೇಕು.

ಹೆಡ್‌ಮಾಸ್ಟರಿಗೆ ಹಿಡಿಸಲಿಲ್ಲ. "ಶಾಲೆ ಸಂತೆಯಾಗುತ್ತೆ ಕಣ್ರೀ. ಇನ್ಸ್‌ಪೆಕ್ಟರು ಬರುವವರೆಗೆ ನಡೆಸಿ. ಅವರೆದುರು ಎಡವಟ್ಟಾದರೆ ಅವತ್ತೇ ಬಂದ್."

"ಆಗಲಿ" ಅಂದೆ.

ಗಾಳಿ

ಫ್ಯಾನು ಇರಲಿಲ್ಲ. ಇದ್ದದ್ದು ಒಂದೇ ಕಿಟಕಿ. ಊಟದ ನಂತರ ಸಮುದ್ರದ ಗಾಳಿ ಕಿಟಕಿಯ ಪಕ್ಕದ ಬೆಂಚಿನವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಅದರ ಉಪ್ಪು ವಾಸನೆ ಈಗಲೂ ನೆನಪಿದೆ.

ಆ ಬೆಂಚಿಗೆ ದಿನಾ ಹೊಡೆದಾಟ. ಸಭೆ ಸೇರಿ, ಬೆಂಚು ಯಾರಿಗೆ ಎಂದು ತಿಳಿಸಲು ಸಮಿತಿ ನೇಮಿಸಿತು. ಮರುದಿನ ನೋಡಿದರೆ ಇಡೀ ಸಮಿತಿ ಅದೇ ಬೆಂಚಿನ ಮೇಲೆ.

"ಏನ್ರೋ ಇದು?"

ಸಮಿತಿಯ ಮುಖಂಡ ಉಡುಪಿ ಕಡೆಯ ಹೋಟೆಲಿನವರ ಮಗ. "ಪರಿಶೀಲನೆ ಸಾರ್. ಕೂತು ನೋಡದೆ ಹೇಗೆ ಹೇಳುವುದು?"

"ವರದಿ ಯಾವಾಗ?"

"ಸೆಕೆ ಮುಗಿಯಲಿ ಸಾರ್."

ನೀರು

ಆ ಸಮಿತಿಯನ್ನು ಸಭೆಯೇ ಕಿತ್ತುಹಾಕಿತು. ಹೊಸ ನಿಯಮ ಬಂತು. ಬೆಂಚು ಸರದಿಯ ಮೇಲೆ. ಅಲ್ಲಿ ಕೂರುವವರು ಅವತ್ತು ಬೀದಿ ನಲ್ಲಿಯಿಂದ ತರಗತಿಗೆ ಕುಡಿಯುವ ನೀರು ತರಬೇಕು. ನಾನು ಹೇಳಿಕೊಟ್ಟದ್ದಲ್ಲ. ಒಳಗೊಳಗೇ ಹಿಗ್ಗಿದೆ.

ನಾನು ಹೇಳಿಕೊಟ್ಟದ್ದು ಬೇರೆ. ನಲ್ಲಿಯ ಸಾಲಿನಲ್ಲಿ ಹೆಚ್ಚು ಅಗತ್ಯ ಇರುವವರಿಗೆ ಮೊದಲು ಬಿಡಿ ಎಂದಿದ್ದೆ.

ಹೋಟೆಲಿನವರ ಮಗ ಕೊಡ ಹಿಡಿದು ಹೋದವನು ಕೊನೆಯ ಬೆಲ್ಲಿಗೆ ಬಂದ. ಕೊಡ ಖಾಲಿ.

"ನಲ್ಲಿಯಲ್ಲಿ ನೀರಿರಲಿಲ್ಲವೇನೋ?"

"ನೀರು ಉಂಟು ಸಾರ್. ಒಬ್ಬಳಿಗೆ ಕೈಮಗು. ಒಬ್ಬಳಿಗೆ ಮನೆತುಂಬ ನೆಂಟರು. ಒಬ್ಬಳಿಗೆ ಅತ್ತೆ. ಎಲ್ಲರಿಗೂ ನಮಗಿಂತ ಅಗತ್ಯ."

ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. "ಒಳ್ಳೇ ಪ್ರಜೆ. ಬಾಯಾರಿದವರಿಗೆ ಈಗ ಇವನನ್ನೇ ಹಿಂಡಿ ಕೊಡಿ."

ಇನ್ಸ್‌ಪೆಕ್ಟರು

ಬಂದದ್ದು ಸುಡುವ ಮಧ್ಯಾಹ್ನ, ಕೋಟು ಹಾಕಿಕೊಂಡು. ಬೆವರು ಸುರಿಯುತ್ತಿತ್ತು. ಹೆಡ್‌ಮಾಸ್ಟರು ಕಿಟಕಿ ಬೆಂಚಿನ ಹುಡುಗರನ್ನು ಎಬ್ಬಿಸಿ, ತಮ್ಮ ಅಂಗವಸ್ತ್ರದಿಂದ ಬೆಂಚು ಒರೆಸಿ ಇನ್ಸ್‌ಪೆಕ್ಟರನ್ನು ಕೂರಿಸಿದರು. ಗಾಳಿ ಬಂತು. ಇನ್ಸ್‌ಪೆಕ್ಟರು ಕಣ್ಣು ಮುಚ್ಚಿದರು.

ಸಭೆಯ ನಾಯಕಿ ಎದ್ದಳು. ತಲೆಮಾರುಗಳಿಂದ ಮದರಾಸಿನಲ್ಲಿದ್ದ ವೈಷ್ಣವರ ಮನೆಯ ಹುಡುಗಿ. ಗಾಬರಿಯಾದರೆ ತಮಿಳು ಬರುತ್ತಿತ್ತು.

"ಮನ್ನಿಚ್ಚುಕ್ಕೋಂಗೋ ಸಾರ್, ಕ್ಷಮಿಸಿ. ಇವತ್ತು ಅಲ್ಲಿ ನಿಮ್ಮ ಸರದಿ ಇಲ್ಲ."

ಹೆಡ್‌ಮಾಸ್ಟರು ಬಿಳುಚಿಕೊಂಡರು. ಸಭೆಯ ಕಥೆ ಮುಗಿಯಿತು ಅಂದುಕೊಂಡೆ.

ಇನ್ಸ್‌ಪೆಕ್ಟರು ಒಂದು ಕಣ್ಣು ತೆರೆದರು. "ಹಾಗಾದರೆ ಏನು ಮಾಡೋಣಮ್ಮಾ?"

ಅಲ್ಲೇ ಸಭೆ ಸೇರಿತು. ಪಿಸಪಿಸ ಮಾತಾಯಿತು. ಕೈಗಳು ಎದ್ದವು.

"ನೀವು ಅತಿಥಿ, ಕೂರಬಹುದು ಸಾರ್. ಆದರೆ ನೀರು ತರಬೇಕು." ಕೊಡ ತಂದು ಎದುರಿಗಿಟ್ಟಳು.

ಇನ್ಸ್‌ಪೆಕ್ಟರು ಕೊಡ ನೋಡಿದರು. ನನ್ನನ್ನು ನೋಡಿದರು. ನಾನು ಸೂರು ನೋಡಿದೆ. ಅವರು ಎದ್ದು ಕೊಡ ಎತ್ತಿಕೊಂಡು ನಡೆದರು. ಹಿಂದೆಯೇ ಹೆಡ್‌ಮಾಸ್ಟರು ಓಡಿದರು. ನಾವೆಲ್ಲ ಕಿಟಕಿಗೆ ಮುತ್ತಿಕೊಂಡೆವು.

ನಲ್ಲಿಯ ಹತ್ತಿರ ಹೆಡ್‌ಮಾಸ್ಟರು ಅವರನ್ನು ಸಾಲಿನ ಮುಂದಕ್ಕೆ ನುಗ್ಗಿಸಲು ನೋಡಿದರು. ಒಬ್ಬ ಮುದುಕಿ ಕೊಡ ಅಡ್ಡ ಹಿಡಿದಳು. "ವರಿಸೈಲೆ ನಿಲ್ಲುಂಗೋ!" ಇಬ್ಬರೂ ಸಾಲಿನ ಬಾಲಕ್ಕೆ ಹೋಗಿ ನಿಂತರು.

ಹೋಟೆಲಿನವರ ಮಗನಿಗೆ ಕನಿಕರ ಬಂತು. ಕಿಟಕಿಯಿಂದ ಕೂಗಿದ. "ಸಾರ್, ಅತ್ತೆ ಇದ್ದಾರೆ ಅಂದರೆ ಬಿಡಬೇಡಿ!"

ತುಂಬಿದ ಕೊಡ ಬಂತು. ಕೋಟು ಒದ್ದೆ. ಇನ್ಸ್‌ಪೆಕ್ಟರು ನೀರು ಕುಡಿದು, ಕಿಟಕಿ ಬೆಂಚಿನಲ್ಲಿ ಕಾಲು ಚಾಚಿ ಕೂತು, "ಈ ಸಭೆ ನಡೆಯಲಿ" ಅಂದರು. ಅಷ್ಟೇ.

ಮರುದಿನ ಮಧ್ಯಾಹ್ನ ಹೆಡ್‌ಮಾಸ್ಟರು ಬಾಗಿಲಿಗೆ ಬಂದರು. ಕೊರಳು ಒರೆಸಿಕೊಂಡರು. ಹುಡುಗಿಯನ್ನು ಮೆಲ್ಲಗೆ ಕೇಳಿದರು. "ಆ ಬೆಂಚಿನಲ್ಲಿ ನನ್ನ ಸರದಿ ಯಾವಾಗ ಬರುತ್ತಮ್ಮಾ?"

"ಸಮಿತಿ ನೇಮಿಸ್ತೀವಿ ಸಾರ್."

ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಹೋದರು. ಹೆಡ್‌ಮಾಸ್ಟರು ನಿವೃತ್ತರಾದರು. ಆಮೇಲೆ ನಾನೂ ಆದೆ. ವರದಿ ಇನ್ನೂ ಬಂದಿಲ್ಲ.