ಎಂಬತ್ತು ಕಿಲೋದ ಸೀಟು

ಅಸೂಯೆ ಮನುಷ್ಯನನ್ನು ಒಳಗಿನಿಂದ ತಿಂದು ಸೊರಗಿಸುತ್ತದೆ ಎಂದು ಬಲ್ಲವರೆಲ್ಲ ಗಂಭೀರವಾಗಿ ಹೇಳುತ್ತಾರೆ. ನಾನು ಶೆಟ್ಟಿಯ ಮೇಲೆ ಹನ್ನೊಂದು ವರ್ಷ ಅಸೂಯೆಪಟ್ಟಿದ್ದೇನೆ. ಒಂದು ಕಿಲೋ ಕೂಡ ಇಳಿದಿಲ್ಲ.

ಮುಂಬಯಿಯ ಅಂಧೇರಿಯ ಒಂದು ಸಣ್ಣ ವಿಮಾನ ದುರಸ್ತಿ ಶೆಡ್ಡಿನಲ್ಲಿ ಕುಲಕರ್ಣಿಯಾದ ನಾನು ದಾಖಲೆ ಗುಮಾಸ್ತ, ಶೆಟ್ಟಿ ಮೆಕ್ಯಾನಿಕ್. ಅಲ್ಲೊಂದು ನಾಲ್ಕು ಸೀಟಿನ ಪುಟ್ಟ ವಿಮಾನವಿದೆ. ಪೈಲಟ್, ಇಂಜಿನಿಯರ್ ಪಾಟೀಲ ಸಾಹೇಬರು, ಇಂಧನ ಎಲ್ಲ ತುಂಬಿದ ಮೇಲೆ ಅದರ ತೂಕದ ಮಿತಿಯಲ್ಲಿ ಉಳಿಯುತ್ತಿದ್ದುದು ಅರವತ್ತೇ ಕಿಲೋ. ನೌಕರಿಗೆ ಸೇರಿದಾಗ ರಿಜಿಸ್ಟರಿನಲ್ಲಿ ಬರೆಸಿದ ಪ್ರಕಾರ ಶೆಟ್ಟಿ ಐವತ್ತೊಂಬತ್ತು, ನಾನು ಎಪ್ಪತ್ತೆಂಟು. ಹಾಗಾಗಿ ಪ್ರತಿ ಪರೀಕ್ಷಾ ಹಾರಾಟಕ್ಕೂ ಶೆಟ್ಟಿಯೇ. ಇಳಿದು ಬಂದವನೇ, "ಸಮುದ್ರ ಮೇಲಿಂದ ಎಂತ ಚಂದ ಕಾಣ್ತದೆ ಮಾರಾಯ್ರೇ, ನೀವೊಮ್ಮೆ ನೋಡ್ಬೇಕು" ಅನ್ನುತ್ತಿದ್ದ. ನಾನು ಎತ್ತರದಿಂದ ನೋಡಿದ್ದೆಂದರೆ, ಸಯನ್ ಸ್ಟೇಷನ್ನಿನ ಸೇತುವೆಯಿಂದ, ಹೊರಟುಹೋದ ಲೋಕಲ್ ರೈಲಿನ ಬೆನ್ನು.

ಈ ವರ್ಷ ವಿಮಾನಕ್ಕೆ ಗಟ್ಟಿಯಾದ ಹೊಸ ಲ್ಯಾಂಡಿಂಗ್ ಗೇರ್, ಅಂದರೆ ಕಾಲು, ಮತ್ತು ಉದ್ದನೆಯ ರೆಕ್ಕೆತುದಿಗಳು ಬಂದವು. ರೆಕ್ಕೆ ಹೆಚ್ಚು ಎತ್ತುತ್ತದೆ, ಕಾಲು ಇಳಿಯುವಾಗ ಹೆಚ್ಚು ತಾಳುತ್ತದೆ. ವಿಮಾನದ ಒಟ್ಟು ತೂಕದ ಮಿತಿ ಇನ್ನೂ ಅರವತ್ತು ಕಿಲೋ ಹೆಚ್ಚಾಯಿತು. ಆದರೆ ಆ ಕಾಲು, ರೆಕ್ಕೆಗಳೇ ಹಳೆಯವಕ್ಕಿಂತ ನಲವತ್ತು ಕಿಲೋ ಹೆಚ್ಚು ತೂಗಿದವು. ಸಿಹಿ ತಂದ ನೆಂಟರು ತಾವೇ ಕೂತು ಡಬ್ಬಿ ಬರಿದು ಮಾಡಿದಂತಾಯಿತು. ಆದರೂ ಇಪ್ಪತ್ತು ಉಳಿಯಿತು. ಅರವತ್ತಕ್ಕೆ ಇಪ್ಪತ್ತು ಸೇರಿ ಎಂಬತ್ತು. ಆ ಅಂಕಿ ಟೈಪ್ ಮಾಡಿ, ರಿಜಿಸ್ಟರಿನ ನನ್ನ ಎಪ್ಪತ್ತೆಂಟನ್ನು ಅದರ ಪಕ್ಕದಲ್ಲಿಟ್ಟು ಎರಡು ಸಲ ನೋಡಿದೆ.

"ಈ ಸಲ ಕುಲಕರ್ಣಿ ಬರ್ಲಿ ಬಿಡ್ರಿ" ಎಂದರು ಸಾಹೇಬರು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಶೆಟ್ಟಿ, "ಹೋಗಿ ಬನ್ನಿ. ಪಾಪ, ಎಷ್ಟು ವರ್ಷದ ಆಸೆ" ಎಂದ. ಆ 'ಪಾಪ' ನನಗೆ ಗಂಟಲಲ್ಲಿ ಇಳಿಯಲಿಲ್ಲ. ತನ್ನ ಅಣ್ಣನ ಹೋಟೆಲಿನಲ್ಲಿ ಎರಡು ಹೊತ್ತು ಮೀನೂಟ ಹೊಡೆಯುವವನು ಐವತ್ತೊಂಬತ್ತು ಕಿಲೋ ಇರುವುದುಂಟೇ? ಹನ್ನೊಂದು ವರ್ಷದ ಮೋಸ ಬಯಲಾಗಲೆಂದು, "ಸಾಹೇಬ್ರ, ರಿಜಿಸ್ಟರ್ ಭಾಳ ಹಳೇದದ. ಶೆಟ್ಟೀನ್ನ ಒಮ್ಮೆ ತಕ್ಕಡಿ ಮ್ಯಾಲ ನಿಂದರಸ್ರಿ" ಎಂದೆ.

"ಖರೇ ಅದ. ಇಬ್ಬರೂ ನಿಂದರ್ರಿ."

ಶೆಟ್ಟಿ ಐವತ್ತೆಂಟು ತೂಗಿದ. "ಒಂದು ಕಿಲೋ ಇಳಿದು ಹೋಯ್ತಲ್ಲ" ಎಂದು ಅವನಿಗೇ ಬೇಸರ. ನಾನು ಬೂಟು, ವಾಚು, ಕೊನೆಗೆ ಕನ್ನಡಕವನ್ನೂ ತೆಗೆದಿಟ್ಟು ಹತ್ತಿದೆ. ಕನ್ನಡಕವಿಲ್ಲದೆ ಅಂಕಿ ಕಾಣಲಿಲ್ಲ. ಶೆಟ್ಟಿ ಬಗ್ಗಿ ಓದಿ ಹೇಳಿದ.

ತೊಂಬತ್ತೊಂದು.

ಆ ದಿನದ ಹಾರಾಟಕ್ಕೆ ಶೆಟ್ಟಿ ಹೋದ. ತೂಕದ ಪಟ್ಟಿಯನ್ನು ನಾನು ಟೈಪ್ ಮಾಡಿದೆ.