ಸಾಯಲು ಒಂದು ಜಗಲಿ ಬೇಕಾಗಿದೆ

‘ಸ್ವತಂತ್ರ ನಿರ್ದೇಶಕ’ ಎಂಬ ಮಾತನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ, ಅವರು ಸಿನಿಮಾ ಮಾಡಿದವರಂತೂ ಅಲ್ಲ. ಬೆಳ್ತಂಗಡಿಯ ಕೃಷಿ ಸಹಕಾರಿ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಭಾನುವಾರಗಳಲ್ಲಿ ಮಾತ್ರ ನಿರ್ದೇಶಕ. ವಾರದ ಆರು ದಿನ ಮ್ಯಾನೇಜರರ ಮಾತು ಕೇಳಿದರೆ ಮುಗಿಯಿತು. ಭಾನುವಾರ ಊರೆಲ್ಲರ ಮಾತು ಕೇಳಬೇಕು, ಮನೆಗೆ ಬಂದ ಮೇಲೆ ಹೆಂಡತಿಯದ್ದನ್ನೂ.

ನನ್ನ ಕಿರುಚಿತ್ರದ ಕಥೆ ಸರಳ. ಊರಿನವರೊಂದಿಗೆಲ್ಲ ಜಗಳವಾಡಿದ ಅಜ್ಜ ಸಾಯುತ್ತಾನೆ; ಜಗಳವಾಡಿದವರೇ ಬಂದು ಅಳುತ್ತಾರೆ. ಅಜ್ಜನಾಗಿ ಫರಂಗಿಪೇಟೆಯ ನಿವೃತ್ತ ಬಸ್ ಕಂಡಕ್ಟರ್ ಸಂಜೀವಣ್ಣ. ಕ್ಯಾಮರಾ ಹಿಡಿಯಲು ಮೂಡುಬಿದಿರೆಯಲ್ಲಿ ಮದುವೆ ವಿಡಿಯೋ ಮಾಡುವ ಪ್ರವೀಣ. ಜಗಳಗಳು ಬಹಳ ಸಹಜವಾಗಿ ಬಂದವು; ಕೆಲವಂತೂ ಕ್ಯಾಮರಾ ನಿಂತ ಮೇಲೂ ಮುಂದುವರಿದವು. ಬಾಕಿ ಉಳಿದದ್ದು ಸಾವು ಮಾತ್ರ. ತಿಂಗಳ ಕೊನೆಯೊಳಗೆ ಚಿತ್ರವನ್ನು ಸ್ಪರ್ಧೆಗೆ ಕಳಿಸಬೇಕಿತ್ತು. ಎರಡು ವರ್ಷದ ಭಾನುವಾರಗಳನ್ನೆಲ್ಲ ನುಂಗಿದ ಚಿತ್ರ ಅರ್ಧಕ್ಕೆ ನಿಂತರೆ ಮನೆಯಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ಮುಂಡಾಜೆಯ ಪರಿಚಯದವರೊಬ್ಬರು ತಮ್ಮ ಮನೆಯನ್ನು ಕೊಡಲು ಸಂತೋಷದಿಂದ ಒಪ್ಪಿದ್ದರು. ಚಹಾ ಕುಡಿದು, ಸಂಜೀವಣ್ಣನನ್ನು ಜಗಲಿಯಲ್ಲಿ ಮಲಗಿಸಲು ನಾವು ಚಾಪೆ ಬಿಡಿಸಿದಾಗ ಅವರ ಮುಖ ಬಿಳಿಚಿತು.

“ಇದೆಂಥದು ಮಾರಾಯ್ರೆ? ಮದುವೆ ಬೇಕಾದ್ರೆ ತೆಗೀರಿ, ಊಟ ನಾನೇ ಹಾಕಿಸ್ತೇನೆ. ಹೆಣ ಮಲಗಿಸ್ಲಿಕ್ಕೆ ಮಾತ್ರ ಇಲ್ಲಿ ಆಗುದಿಲ್ಲ!”

ಬಂಟ್ವಾಳದ ಇನ್ನೊಂದು ಮನೆಯಲ್ಲಿ ಮಗಳು ಬಸುರಿ. ಕೇಳುವುದಕ್ಕೇ ನಾಚಿಕೆಯಾಗಿ ಎಳನೀರು ಕುಡಿದು ಬಂದೆವು. ಇದು ಸಾಲದೆಂದು ಹೆಣವೇ ತಕರಾರು ತೆಗೆಯಿತು.

“ಸಾಯ್ಲಿಕ್ಕೆ ನಾನು ರೆಡಿ ಸರ್, ಆದ್ರೆ ಹೆಣದ ಹಾಗೆ ತಲೆ ತೆಂಕಕ್ಕೆ ಹಾಕಿ ಮಲಗುದಿಲ್ಲ. ಹೆಂಡ್ತಿ ಆಣೆ ಹಾಕಿಸಿದ್ದಾಳೆ.”

ನನಗೆ ತಲೆಕೆಟ್ಟಿತು. ಬರುವಾಗ ಜೀಪಿನಲ್ಲಿ ಅರ್ಧ ಗಂಟೆ ಭಾಷಣ ಬಿಗಿದೆ. ಕಲೆ ಎಂದರೇನು, ಮೂಢನಂಬಿಕೆ ಎಂದರೇನು, ಇಂಥ ಊರಿನಲ್ಲಿ ಹುಟ್ಟಿದ ನನ್ನ ಕರ್ಮವೇನು, ಒಂದನ್ನೂ ಬಿಡಲಿಲ್ಲ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ಪ್ರವೀಣ ಮೆಲ್ಲಗೆ ಹೇಳಿದ:

“ಹಾಗಾದ್ರೆ ನಿಮ್ಮ ಮನೆಯಲ್ಲೇ ತೆಗೆಯುವ ಸರ್. ಜಗಲಿ ಉಂಟಲ್ಲ?”

ನಮ್ಮ ಜಗಲಿಗೆ ಬೆಳಕು ಸಾಲದು ಎಂದೆ. ಲೈಟ್ ತರ್ತೇನೆ ಎಂದ. ಪಕ್ಕದ ಮನೆಯ ನಾಯಿ ಬೊಗಳುತ್ತದೆ ಎಂದೆ. ಸಾವಿನ ಮನೆಯಲ್ಲಿ ನಾಯಿ ಬೊಗಳಿದರೆ ಒಳ್ಳೆಯದೇ ಅಲ್ವಾ ಎಂದ. ಕೊನೆಗೆ, ಅತ್ತೆಗೆ ಎಂಬತ್ತಾಯಿತು, ಅವರ ಎದುರು ಚಂದ ಕಾಣುವುದಿಲ್ಲ ಎಂದೆ. ಅತ್ತೆ ಇರುವುದು ನಮ್ಮ ಮನೆಯಲ್ಲಲ್ಲ, ಮೈದುನನ ಮನೆಯಲ್ಲಿ. ಅದು ಇಡೀ ತಂಡಕ್ಕೆ ಗೊತ್ತು. ಪುಣ್ಯಾತ್ಮರು ಯಾರೂ ಬಾಯಿಬಿಡಲಿಲ್ಲ.

ದಾರಿ ತೋರಿಸಿದವನೂ ಪ್ರವೀಣನೇ. “ಹೆಣ ಯಾಕೆ ಸರ್? ಬಾಗಿಲು ಮಾತ್ರ ತೋರಿಸುವ. ಜನ ಚಪ್ಪಲಿ ಕಳಚಿ ಒಳಗೆ ಹೋಗ್ತಾರೆ, ಅಷ್ಟೆ.” ನನ್ನ ಸ್ಕ್ರಿಪ್ಟಿನ ಕೊನೆಯ ನಾಲ್ಕು ಪುಟಗಳಿಗೆ ಎಳ್ಳುನೀರು ಬಿಟ್ಟು, ಹಲ್ಲುಕಚ್ಚಿ ಒಪ್ಪಿದೆ. ನಮ್ಮ ಸೊಸೈಟಿಯ ಹಳೆಯ ಗೊಬ್ಬರದ ಗೋದಾಮಿನ ಬಾಗಿಲೇ ಸಾವಿನ ಮನೆಯ ಬಾಗಿಲಾಯಿತು. ಅಳಲು ಬರುವ ಜನ ಸಾಲದೆ ಹೋದಾಗ ಸಂಜೀವಣ್ಣ ತಾನಾಗಿ ಎದ್ದು, ಅಜ್ಜನ ವೇಷದಲ್ಲೇ ಕ್ಯಾಮರಾಕ್ಕೆ ಬೆನ್ನು ಹಾಕಿ, ಚಪ್ಪಲಿ ಕಳಚಿ, ತನ್ನದೇ ಸಾವಿಗೆ ತಾನೇ ಒಳಗೆ ಹೋದರು. ನಾನು ತಲೆ ಚಚ್ಚಿಕೊಂಡೆ. ಆ ತುಣುಕನ್ನು ತೆಗೆದುಹಾಕಲು ಸಮಯವಿರಲಿಲ್ಲ, ಹಾಗೇ ಕಳಿಸಿದೆವು.

ಚಿತ್ರಕ್ಕೆ ಬಹುಮಾನ ಬಂತು! ವೇದಿಕೆಯಲ್ಲಿ ತೀರ್ಪುಗಾರರು ಗದ್ಗದಿತರಾಗಿ, “ಹೆಣವನ್ನೇ ತೋರಿಸದ ಸಾವು! ಸತ್ತವನೇ ತನ್ನನ್ನು ನೋಡಲು ಬರುವ ಆ ಕೊನೆಯ ದೃಶ್ಯ! ನಿಮಗೆ ಹೇಗೆ ಹೊಳೆಯಿತು?” ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು.

ಇದು ನಮ್ಮ ತಂಡದ್ದು ಎನ್ನಲೆಂದೇ ಬಾಯಿ ತೆರೆದೆ. ದೇವರಾಣೆಗೂ ಅದಕ್ಕೇ ತೆರೆದದ್ದು.

“ಬಹಳ ತಿಂಗಳು ಒಬ್ಬನೇ ಕೂತು ಯೋಚಿಸಿದ್ದು,” ಎಂದೆ.

ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದುನಿಂತು ಚಪ್ಪಾಳೆ ತಟ್ಟಿದವರು ಸಂಜೀವಣ್ಣ.